ಡೇರಿ ಮುಂದಿನ ಸಾಲು, ಆಸ್ಪತ್ರೆಯ ಸಾಲ

ಮಂಡ್ಯ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಬೆಳಗಿನ ಆರೂವರೆ ಹೊತ್ತಿಗೆ ಡೇರಿ ಮುಂದೆ ಸಾಲು ಕಾಣುತ್ತದೆ. ಸ್ಟೀಲ್ ಕ್ಯಾನು ಹಿಡಿದ ಹೆಂಗಸರು, ಸೈಕಲ್ಲಿಗೆ ಕ್ಯಾನು ತಗುಲಿಸಿಕೊಂಡು ಬಂದ ಮುದುಕರು, ಹಾಲು ಹಾಕಿ ಸ್ಕೂಲಿಗೆ ಓಡಬೇಕಾದ ಹುಡುಗರು. ಒಳಗೆ ಹಾಲು ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟ್ ನೋಡಿ ಚೀಟಿ ಕೊಡುತ್ತಾರೆ. ವರ್ಷದಲ್ಲಿ ಕೆಲವು ವಾರ ಮಾತ್ರ ಅದೇ ಮೇಜಿನ ಮೇಲೆ ಇನ್ನೊಂದು ಕಂತೆ ಕಾಗದ ಇರುತ್ತದೆ: ಯಶಸ್ವಿನಿ ಅರ್ಜಿ. ಜೊತೆಗೆ ರೇಷನ್ ಕಾರ್ಡಿನ ಜೆರಾಕ್ಸು, ಮನೆಯವರೆಲ್ಲರ ಆಧಾರ್, ಫೋಟೊ. ಕೈಯಲ್ಲಿ ದುಡ್ಡಿಲ್ಲದವರು ‘ಬಟವಾಡೆಲಿ ಹಿಡ್ಕೊಳಿ’ ಅನ್ನುತ್ತಾರೆ. ಸೆಕ್ರೆಟರಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಅಷ್ಟಕ್ಕೆ ಒಂದು ಕುಟುಂಬ ಆರೋಗ್ಯ ವಿಮೆಯೊಳಗೆ ಬಂದಂತೆ.

ಬಡವರ ಬಾಗಿಲಿಗೆ ಇಷ್ಟು ಹತ್ತಿರ ಬಂದ ವಿಮೆ ನಮ್ಮಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಏಜೆಂಟ್ ಇಲ್ಲ, ಆ್ಯಪ್ ಇಲ್ಲ, ಸಣ್ಣಕ್ಷರದಲ್ಲಿ ಅಚ್ಚಾದ ಮೂವತ್ತು ಪುಟದ ಪಾಲಿಸಿ ಇಲ್ಲ. ದಿನಾ ಎರಡು ಹೊತ್ತು ಮುಖ ನೋಡುವ ಮನುಷ್ಯನೇ ಅರ್ಜಿ ತುಂಬಿಸುತ್ತಾನೆ. ಹೆಚ್ಚುಕಮ್ಮಿ ಆದರೆ ಮರುದಿನ ಬೆಳಿಗ್ಗೆ ಅವನನ್ನೇ ಕೇಳಬಹುದು. ಕೈಗೆಟುಕುವ ಆರೋಗ್ಯ ಸೇವೆ ಎಂದಾಗ ನಾವು ಕಂತು ಎಷ್ಟು, ಮಿತಿ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಯಾರ ಬಳಿ ಹೋಗಿ ಕೇಳಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೆ ಈ ರಾಜ್ಯದ ಸಹಕಾರ ಸಂಘಗಳು ಇಪ್ಪತ್ತು ವರ್ಷದ ಹಿಂದೆಯೇ ಒಂದು ಉತ್ತರ ಕೊಟ್ಟವು.

ಸಂಘ ಕಟ್ಟುವುದು ಕನ್ನಡ ನಾಡಿಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಇಂದು ರಾಜ್ಯದಲ್ಲಿ ಹಾಲು ಉತ್ಪಾದಕರ ಸಂಘಗಳೇ 14 ಸಾವಿರಕ್ಕೂ ಹೆಚ್ಚಿವೆ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆಗೆ ನೆಲೆ ಸಿಕ್ಕಿದ್ದು ಈ ಜಾಲದಲ್ಲಿ. ಒಂದು ಕಡೆ ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ, ಇನ್ನೊಂದು ಕಡೆ ಆಪರೇಷನ್ನಿಗೆ ದುಡ್ಡಿಲ್ಲದೆ ಮನೆಯಲ್ಲೇ ನರಳುವ ರೈತರು. ಒಬ್ಬ ರೈತ ತಿಂಗಳಿಗೆ ಐದು ರೂಪಾಯಿ ಕೊಟ್ಟರೆ ಏನೂ ಆಗದು. ಲಕ್ಷಾಂತರ ರೈತರು ಕೊಟ್ಟರೆ? ಇದೇ ಲೆಕ್ಕದ ಮೇಲೆ ಸಹಕಾರ ಇಲಾಖೆ ಯೋಜನೆ ರೂಪಿಸಿತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರ ನವೆಂಬರ್ 14ರಂದು ಯಶಸ್ವಿನಿ ಉದ್ಘಾಟನೆಯಾಯಿತು. 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಇದರಲ್ಲಿ ವಿಮಾ ಕಂಪನಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ರೈತರು ಕೊಟ್ಟ ಹಣ, ಸರ್ಕಾರ ಸೇರಿಸಿದ ಪಾಲು ಎರಡೂ ಒಂದು ಟ್ರಸ್ಟಿಗೆ ಹೋಗುತ್ತಿತ್ತು. ಆಸ್ಪತ್ರೆಗಳ ಬಿಲ್ಲು ಪರಿಶೀಲಿಸಲು ಬೇರೆ ಸಂಸ್ಥೆಯೊಂದನ್ನು ನೇಮಿಸಲಾಗಿತ್ತು. ಲಾಭ ತೆಗೆಯಬೇಕಾದವರು ಮಧ್ಯದಲ್ಲಿ ಇಲ್ಲದ್ದರಿಂದಲೇ ಅಷ್ಟು ಕಡಿಮೆ ಕಂತಿನಲ್ಲಿ ಎಂಟುನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆ ಸೇರಿಸಲು ಸಾಧ್ಯವಾಯಿತು. ಸೇರುವ ಮೊದಲೇ ಇದ್ದ ಕಾಯಿಲೆಗೂ ಚಿಕಿತ್ಸೆ ಸಿಗುತ್ತಿತ್ತು. ಖಾಸಗಿ ವಿಮೆಯಲ್ಲಿ ಅಂಥ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಲು ಇಂದಿಗೂ ಅವಕಾಶವಿದೆ.

ಹಳೆಯ ಯಶಸ್ವಿನಿ ಪಟ್ಟಿ ಓದಿದಾಗ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಹೃದಯದ ಆಪರೇಷನ್ ಇದ್ದ ಸಾಲಲ್ಲ, ತುರ್ತು ಚಿಕಿತ್ಸೆಯ ಸಾಲು. ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ನೀರಿಗೆ ಬಿದ್ದದ್ದು, ಕರೆಂಟ್ ಹೊಡೆದದ್ದು, ಬೇಸಾಯದ ಉಪಕರಣಕ್ಕೆ ಸಿಕ್ಕಿ ಆದ ಗಾಯ. ನಗರದಲ್ಲಿ ಕುಳಿತು ಬರೆಯುವ ಪಾಲಿಸಿಯಲ್ಲಿ ಎತ್ತಿನ ಕೊಂಬಿನ ಗಾಯ ಹೆಸರು ಹಿಡಿದು ಬರುವುದಿಲ್ಲ. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟಾಗ ಟಾರ್ಚು ಹಿಡಿದು ಗದ್ದೆ ಬದುವಿನ ಮೇಲೆ ನಡೆಯುವವನಿಗೆ ಏನೇನು ಆಗಬಹುದು ಎಂದು ಬಲ್ಲವರು ಆ ಪಟ್ಟಿ ಮಾಡಿದ್ದರು.

ಆದರೆ ಕಂತು ಹೆಚ್ಚಿಸಿದ ಕೂಡಲೇ ಏನಾಗುತ್ತದೆ ಎಂಬ ಪಾಠವೂ ಬೇಗ ಸಿಕ್ಕಿತು. ಎರಡನೇ ವರ್ಷ ಸದಸ್ಯರು 20 ಲಕ್ಷ ಮುಟ್ಟಿದ್ದರು. ಮೂರನೇ ವರ್ಷ ಕಂತು 120 ರೂಪಾಯಿಗೆ ಏರಿದಾಗ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಒಬ್ಬರಿಗೆ ಅರವತ್ತೇ ರೂಪಾಯಿ ಹೆಚ್ಚಾದದ್ದು ನಿಜ. ಆದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅವ್ವ ಎಂದು ಆರು ಜನರ ಮನೆಗೆ ಅದು 360 ರೂಪಾಯಿಯ ಹೊಸ ಹೊರೆ. ಆಗ ಮನೆಯವರು ಯಾರನ್ನು ಸೇರಿಸೋಣ, ಯಾರನ್ನು ಬಿಡೋಣ ಎಂದು ಎಣಿಸುತ್ತಾರೆ. ಕಾಯಿಲೆ ಇರುವವರನ್ನು ಸೇರಿಸಿ ಗಟ್ಟಿಮುಟ್ಟಾಗಿರುವವರನ್ನು ಬಿಡುತ್ತಾರೆ. ನಿಧಿಗೆ ಬರುವ ಹಣ ಇಳಿದು ಖರ್ಚು ಏರುತ್ತದೆ. ಯಾವ ವಿಮೆಯಾದರೂ ಸೋಲುವುದು ಇಲ್ಲೇ. ಯಶಸ್ವಿನಿ ಮಾತ್ರ ಸರ್ಕಾರದ ಅನುದಾನ ಮತ್ತು ಸಂಘಗಳ ಓಡಾಟದಿಂದ ಚೇತರಿಸಿಕೊಂಡಿತು. ಕೊನೆಯ ವರ್ಷಗಳಲ್ಲಿ ಸದಸ್ಯರು 40 ಲಕ್ಷ ದಾಟಿದ್ದರು. ಆರಾಧನಾ ಅಗರ್‌ವಾಲ್ ಅವರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಸದಸ್ಯ ಕುಟುಂಬಗಳು ಆಸ್ಪತ್ರೆಗೆ ಹೆಚ್ಚಾಗಿ ಹೋಗುತ್ತವೆ, ಚಿಕಿತ್ಸೆಗಾಗಿ ಮಾಡುವ ಸಾಲ ಕಡಿಮೆಯಾಗಿದೆ ಎಂದು ತೋರಿಸಿತು.

ಇಂಥ ಯೋಜನೆಯನ್ನು 2018ರ ಮೇ ಕೊನೆಗೆ ನಿಲ್ಲಿಸಲಾಯಿತು.

ನಿಲ್ಲಿಸಿದ್ದಕ್ಕೆ ಕೊಟ್ಟ ಕಾರಣ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಆ ವರ್ಷದ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಬಂದಿತ್ತು. ಬೇರೆ ಬೇರೆ ಹೆಸರಿನ ಯೋಜನೆಗಳನ್ನೆಲ್ಲ ಒಂದೇ ಸೂರಿನಡಿ ತಂದು, ಎಲ್ಲ ನಿವಾಸಿಗಳಿಗೂ ಒಂದೇ ಕಾರ್ಡ್ ಕೊಡುವ ಉದ್ದೇಶ. ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ಇದರೊಡನೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ ಚಿಕಿತ್ಸೆ. ಇದು ದೊಡ್ಡ ಹೆಜ್ಜೆ, ಇದನ್ನು ಹಗುರವಾಗಿ ಕಾಣಬಾರದು. ಎಪಿಎಲ್ ಕುಟುಂಬಕ್ಕೆ ಮಾತ್ರ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಅಂದರೆ ಲಕ್ಷ ರೂಪಾಯಿಯ ಆಪರೇಷನ್ನಿಗೆ 30 ಸಾವಿರ ಸರ್ಕಾರದ್ದು, 70 ಸಾವಿರ ಮನೆಯವರದ್ದು.

ಈ ಎಪಿಎಲ್‌ನವರು ಯಾರು? ಬಂಗಲೆ ಕಟ್ಟಿದವರು ಇದ್ದಾರೆ ನಿಜ. ಅವರ ಜೊತೆಯಲ್ಲೇ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹದಿನೈದು ಸಾವಿರ ಸಂಬಳಕ್ಕೆ ದುಡಿಯುವ ಮಗನಿರುವ ರೈತನ ಮನೆಯೂ ಇದೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಹಳೇ ಕಾರೊಂದನ್ನು ಸ್ವಂತಕ್ಕೆ ಇಟ್ಟುಕೊಂಡಿದ್ದರೂ ಕಾರ್ಡ್ ಹೋಗುತ್ತದೆ. ಇಂಥವರು ಬಡವರ ಪಟ್ಟಿಯಲ್ಲೂ ಇಲ್ಲ, ಕಂಪನಿಯ ವಿಮೆಯಲ್ಲೂ ಇಲ್ಲ. 2024ರ ನವೆಂಬರ್‌ನಲ್ಲಿ ಬಹಳಷ್ಟು ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಿದಾಗ ಊರೂರಲ್ಲಿ ಗಲಾಟೆಯೆದ್ದು ಸರ್ಕಾರ ಹೆಜ್ಜೆ ಹಿಂದಿಡಬೇಕಾಯಿತು. ಜನ ಹೆದರಿದ್ದು ಅಕ್ಕಿ ಹೋಗುತ್ತದೆ ಎಂದಷ್ಟೇ ಅಲ್ಲ. ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ಯಾನ್ಸರಿನವರು ಇದ್ದರೆ ಆ ಕಾರ್ಡಿನ ಬಣ್ಣವೇ ಜೀವದ ಪ್ರಶ್ನೆ.

ಯಶಸ್ವಿನಿ ಹಿಡಿದು ನಿಲ್ಲಿಸಿದ್ದು ಇವರನ್ನೇ. ಸಂಘದ ಸದಸ್ಯನಾಗಿದ್ದರೆ ಸಾಕು, ಕಾರ್ಡಿನ ಬಣ್ಣ ಯಾರೂ ಕೇಳುತ್ತಿರಲಿಲ್ಲ. 2018ರಿಂದ 2022ರವರೆಗೆ, ಕೊರೊನಾದ ವರ್ಷಗಳೂ ಸೇರಿ, ಆ ಆಸರೆ ಇರಲಿಲ್ಲ. ಆ ಅವಧಿಯಲ್ಲಿ ಒಡವೆ ಗಿರವಿ ಇಟ್ಟವರು, ಕರೆಯುವ ಹಸು ಮಾರಿದವರು, ಕಬ್ಬಿನ ದುಡ್ಡು ಬಂದಾಗ ತೀರಿಸುತ್ತೇನೆಂದು ಮೀಟರ್ ಬಡ್ಡಿಗೆ ಕೈಯೊಡ್ಡಿದವರು ಎಷ್ಟು ಮಂದಿ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಒಂದು ಯೋಜನೆ ಇನ್ನೊಂದರಲ್ಲಿ ವಿಲೀನವಾಯಿತು ಎಂದು ಆದೇಶದಲ್ಲಿ ಬರೆಯುವುದು ಸುಲಭ. ಮಧ್ಯೆ ಬಿದ್ದುಹೋದವರು ಆ ಆದೇಶದಲ್ಲಿ ಕಾಣುವುದಿಲ್ಲ. ಅದು ದೊಡ್ಡ ತಪ್ಪು, ಅದನ್ನು ತಪ್ಪೆಂದೇ ಕರೆಯಬೇಕು.

ತಿದ್ದುಪಡಿ ತಡವಾಗಿಯಾದರೂ ಬಂತು. 2022–23ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 300 ಕೋಟಿ ರೂಪಾಯಿ ಇಟ್ಟು ಯಶಸ್ವಿನಿ ಮರುಜಾರಿ ಘೋಷಿಸಿದರು. ಆ ವರ್ಷದ ನವೆಂಬರ್ 1ರಿಂದ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ. ಮರುಜಾರಿಯಾದಾಗ ನಿಗದಿಯಾದ ಕಂತು, ಗ್ರಾಮೀಣ ಸಂಘದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದರ ಮೇಲೆ ಒಬ್ಬೊಬ್ಬರಿಗೆ 100. ನಗರದ ಸಂಘದವರಿಗೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ಕಂತನ್ನು ಸರ್ಕಾರವೇ ತುಂಬುತ್ತದೆ. ಕುಟುಂಬಕ್ಕೆ 5 ಲಕ್ಷದ ಮಿತಿ, ಎರಡು ಸಾವಿರಕ್ಕೂ ಹೆಚ್ಚು ಚಿಕಿತ್ಸೆಗಳು. ತಲೆ ಎಣಿಸಿ ಕಂತು ಕೇಳುತ್ತಿದ್ದದ್ದನ್ನು ಮನೆ ಲೆಕ್ಕಕ್ಕೆ ತಂದದ್ದು ಒಳ್ಳೆಯ ಬದಲಾವಣೆ. ನಾಲ್ವರಲ್ಲಿ ಯಾರನ್ನು ಬಿಡೋಣ ಎಂಬ ಲೆಕ್ಕಾಚಾರಕ್ಕೆ ಈಗ ಎಡೆಯಿಲ್ಲ.

ಆಸ್ಪತ್ರೆಯಲ್ಲಿ ಇದು ನಡೆಯುವ ಬಗೆಯನ್ನೂ ಹೇಳಬೇಕು. ಒಬ್ಬ ಹೆಂಗಸಿಗೆ ಪಿತ್ತಕೋಶದಲ್ಲಿ ಕಲ್ಲು ಎಂದುಕೊಳ್ಳಿ. ನೆಟ್‌ವರ್ಕ್ ಆಸ್ಪತ್ರೆಯ ಯೋಜನೆಗಳ ಕೌಂಟರಿನಲ್ಲಿ ಕಾರ್ಡ್ ತೋರಿಸಬೇಕು. ವೈದ್ಯರು ನೋಡಿ ಆಪರೇಷನ್ ಬೇಕೆಂದರೆ, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ವರದಿ ಸಮೇತ ಆಸ್ಪತ್ರೆಯವರು ಆನ್‌ಲೈನ್‌ನಲ್ಲಿ ಅನುಮತಿ ಕೇಳುತ್ತಾರೆ. ಅದು ಬಂದ ಮೇಲೆ ದಾಖಲಾತಿ, ಆಪರೇಷನ್, ಡಿಸ್ಚಾರ್ಜ್. ಯೋಜನೆಯ ಪ್ಯಾಕೇಜಿನಲ್ಲಿ ಸೇರಿದ ಯಾವುದಕ್ಕೂ ರೋಗಿ ಕೈಯಿಂದ ಕೊಡಬೇಕಾಗಿಲ್ಲ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಇದಕ್ಕಿಂತ ಮೊದಲು ಇನ್ನೊಂದು ಮೆಟ್ಟಿಲಿದೆ. ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳು ಬಳಕೆಯಾಗಲಿ, ಬೇಡದ ಆಪರೇಷನ್‌ಗಳು ತಪ್ಪಲಿ ಎಂಬ ಉದ್ದೇಶಕ್ಕೆ ಮಾಡಿದ ನಿಯಮ ಇದು, ನಾನು ಇದನ್ನು ಒಪ್ಪುತ್ತೇನೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶ ವಿನಾಕಾರಣ ತೆಗೆದ ಪ್ರಕರಣಗಳು 2015ರ ಹೊತ್ತಿಗೆ ಬಯಲಾದದ್ದನ್ನು ಮರೆಯುವಂತಿಲ್ಲ. ಆದರೆ ನಿಯಮ ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದವರು ‘ರೆಫರಲ್ ಎಲ್ಲಿ?’ ಎಂಬ ಪ್ರಶ್ನೆಗೆ ತಬ್ಬಿಬ್ಬಾಗಿ, ಮತ್ತೆ ಅಲೆಯಲಾರದೆ, ಕೈಯಿಂದಲೇ ಕಟ್ಟಿ ಬರುತ್ತಾರೆ.

ವಿಮೆಯಿಂದ ಜೀವ ಉಳಿಯುತ್ತದೆಯೇ ಎಂದು ಅನುಮಾನಿಸುವವರಿಗೆ ನಮ್ಮ ರಾಜ್ಯದ್ದೇ ಪುರಾವೆ ಇದೆ. ಬಿಪಿಎಲ್ ಕುಟುಂಬಗಳಿಗಾಗಿ ತಂದ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಗಿ, ದಕ್ಷಿಣಕ್ಕೆ ಆಮೇಲೆ ಬಂತು. ಯೋಜನೆ ಇದ್ದ ಕಡೆಯ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇಲ್ಲದ ಪಕ್ಕದ ಹಳ್ಳಿಗಳನ್ನೂ ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಧ್ಯಯನ ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಬಿಪಿಎಲ್ ಕುಟುಂಬಗಳಲ್ಲಿ ಈಚೆ ಶೇ 0.32, ಆಚೆ ಶೇ 0.90. ಒಂದೇ ಮಳೆ, ಒಂದೇ ಬೆಳೆ, ಒಂದೇ ಬಡತನದ ಹಳ್ಳಿಗಳ ನಡುವೆ ಇಷ್ಟು ಅಂತರ.

ಇಷ್ಟೆಲ್ಲ ಇದ್ದೂ ಸಾಲ ಏಕೆ ನಿಂತಿಲ್ಲ?

ಏಕೆಂದರೆ ಕಾರ್ಡ್ ಕೆಲಸ ಮಾಡುವುದು ಮುಖ್ಯವಾಗಿ ಹಾಸಿಗೆ ಹಿಡಿದ ಮೇಲೆ. ಅದಕ್ಕೂ ಮೊದಲು ಒಂದು ಉದ್ದದ ದಾರಿ ಇದೆ. ಊರ ಕ್ಲಿನಿಕ್ಕಿನ ಇಂಜೆಕ್ಷನ್, ತಾಲ್ಲೂಕಿನ ಲ್ಯಾಬು, ಮಂಡ್ಯದಲ್ಲೋ ಮೈಸೂರಿನಲ್ಲೋ ಸ್ಕ್ಯಾನಿಂಗು, ಎರಡನೇ ಡಾಕ್ಟರ ಫೀಸು, ರೋಗಿಯ ಜೊತೆಗೊಬ್ಬರ ಬಸ್ ಚಾರ್ಜು, ಹೋಟೆಲ್ ಊಟ, ಹೋದಷ್ಟು ದಿನವೂ ಇಬ್ಬರ ಕೂಲಿ. ಆಪರೇಷನ್ ಆದ ಮೇಲೂ ದಾರಿ ಮುಗಿಯುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಗೆ ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ, ಆದರೆ ತಿಂಗಳು ತಿಂಗಳು ಮಾತ್ರೆ ಬೇಕು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎನ್ನುತ್ತದೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ಇಳಿದದ್ದು ಸಮಾಧಾನ. ಆದರೂ ನೂರಕ್ಕೆ ನಲವತ್ತರಷ್ಟು ಇನ್ನೂ ಜೇಬಿನಿಂದಲೇ ಹೋಗುತ್ತಿದೆ.

ಕಳೆದುಹೋದ ಕೂಲಿಯನ್ನೂ ವಿಮೆ ಕೊಡಬೇಕು ಎಂದರೆ ಅಧಿಕಾರಿಗಳಿಗೆ ವಿಚಿತ್ರ ಅನ್ನಿಸಬಹುದು. ಆದರೆ ಇದನ್ನು ಮೈಸೂರು ಜಿಲ್ಲೆಯಲ್ಲೇ ಮಾಡಿ ತೋರಿಸಿದವರಿದ್ದಾರೆ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಸಮುದಾಯ ವಿಮೆ ಶುರು ಮಾಡಿತು. ಸರ್ಕಾರಿ ಆಸ್ಪತ್ರೆಗೆ ದಾಖಲಾದ ಸದಸ್ಯನಿಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟಕ್ಕೆ, ಇನ್ನೊಂದು 50 ರೂಪಾಯಿ ಔಷಧಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾದರೂ ಬಡವರು ಅಲ್ಲಿಗೇಕೆ ಹೋಗುವುದಿಲ್ಲ ಎಂದು ಹಳ್ಳಿಯವರನ್ನೇ ಕೇಳಿದಾಗ ಸಿಗುವ ಉತ್ತರ ಅದರಲ್ಲಿತ್ತು: ಒಂದು ದಿನ ಮಲಗಿದರೆ ಒಂದು ದಿನದ ಒಲೆ ಉರಿಯುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ತಂದ ಸಂಪೂರ್ಣ ಸುರಕ್ಷಾ ಕೂಡ ಸ್ವಸಹಾಯ ಗುಂಪುಗಳ ಮೂಲಕವೇ ಮನೆಗಳನ್ನು ತಲುಪಿತು. ಎಲ್ಲ ಕಡೆಯೂ ಒಂದೇ ಅನುಭವ. ಪರಿಚಯದವರು ಕೇಳಿದರೆ ಜನ ಕಂತು ಕಟ್ಟುತ್ತಾರೆ, ಕಷ್ಟಕ್ಕೆ ಆಗುತ್ತದೆಂದು ಕಣ್ಣಾರೆ ಕಂಡರೆ ಮರುವರ್ಷವೂ ಕಟ್ಟುತ್ತಾರೆ.

ಇನ್ನು ಕೆಲವು ಚಿಕಿತ್ಸೆಗಳಿಗೆ ವಿಮೆಯ ದಾರಿಯೇ ಬೇಡ. ಹೃದಯಾಘಾತವಾದವನ ಬಳಿ ಕಾರ್ಡ್ ಇದೆಯೇ ಎಂದು ಹುಡುಕಲು ಸಮಯವಿರುವುದಿಲ್ಲ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಂದ ಖಚಿತಪಡಿಸಿಕೊಂಡು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ಬೆಲೆಯ ಔಷಧಿ ಅದು. ಸರ್ಕಾರಿ ಆಸ್ಪತ್ರೆ ಗಟ್ಟಿಯಾಗಿದ್ದರೆ ವಿಮೆಯ ಮೇಲಿನ ಭಾರ ತಾನಾಗಿ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಸರ್ಕಾರ ದುಡ್ಡು ಸುರಿಯುವುದಾದರೆ ಮೊದಲು ಇಲ್ಲಿಗೆ ಸುರಿಯಲಿ.

ಯಶಸ್ವಿನಿಯಲ್ಲೂ ಕೊರತೆಗಳಿವೆ. ನೆಟ್‌ವರ್ಕ್ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡದ ಸುತ್ತ ಗುಂಪುಗೂಡಿವೆ. ಕಲ್ಯಾಣ ಕರ್ನಾಟಕದ ರೈತನಿಗೆ ಕಾರ್ಡ್ ಇದ್ದರೂ ಆಸ್ಪತ್ರೆ ದೂರ. ಪ್ಯಾಕೇಜ್ ದರ ಸಾಲದು, ಬಿಲ್ಲು ತಡವಾಗುತ್ತದೆ ಎಂಬ ಆಸ್ಪತ್ರೆಗಳ ದೂರೂ ಹಳೆಯದೇ. ದರ ಸಾಲದಾದಾಗ ಕೆಲವೆಡೆ ‘ಬೆಡ್ ಇಲ್ಲ’ ಎಂಬ ಉತ್ತರ ಬರುತ್ತದೆ, ಅಥವಾ ಪ್ಯಾಕೇಜಿನ ಹೊರಗಿನದು ಎಂದು ಒಂದು ಚೀಟಿ ಬರುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ನೋಂದಣಿಯ ಗಡುವು. ದಿನಾಂಕ ಘೋಷಣೆಯಾಗುತ್ತದೆ, ಮುಂದಕ್ಕೆ ಹೋಗುತ್ತದೆ, ಒಂದು ದಿನ ಮುಗಿದುಹೋಗುತ್ತದೆ. ಸುದ್ದಿ ತಿಳಿಯದವರು, ಸುಗ್ಗಿಯಲ್ಲಿದ್ದವರು, ಸಂಘದ ಬಾಗಿಲಿಗೆ ಆ ವಾರ ಹೋಗದವರು ಇಡೀ ವರ್ಷ ಹೊರಗೆ. ನಿಧಿ ಉಳಿಯಲು ಒಂದು ಗಡುವು ಬೇಕು, ಒಪ್ಪೋಣ. ಆದರೆ ಅದು ಪ್ರತಿ ವರ್ಷ ಒಂದೇ ತಿಂಗಳಲ್ಲಿ ಬಂದರೆ ಯುಗಾದಿ, ದೀಪಾವಳಿಯಂತೆ ಜನರ ನೆನಪಿನಲ್ಲಿ ಕೂರುತ್ತದೆ. ಸಹಕಾರ ಇಲಾಖೆ ಇಷ್ಟನ್ನಾದರೂ ಮಾಡಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನೀವು ಊರಿನಲ್ಲಿದ್ದರೆ, ನಿಮ್ಮ ಮನೆಯಲ್ಲಿ ಒಬ್ಬರಾದರೂ ಹಾಲಿನ ಸಂಘದ, ಕೃಷಿ ಪತ್ತಿನ ಸಂಘದ ಅಥವಾ ಬೇರೆ ಯಾವುದೇ ಸಹಕಾರ ಸಂಘದ ಸದಸ್ಯರೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಸದಸ್ಯತ್ವ ಈಗಲೇ ಮಾಡಿಸಿ, ಏಕೆಂದರೆ ನೋಂದಣಿಗೆ ಕೆಲವು ತಿಂಗಳು ಮೊದಲೇ ಸದಸ್ಯರಾಗಿರಬೇಕು. ಈ ವರ್ಷದ ಕಂತು ಎಷ್ಟು, ಗಡುವು ಯಾವಾಗ ಎಂದು ಸೆಕ್ರೆಟರಿಯನ್ನು ಕೇಳಿ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರೇಷನ್ ಕಾರ್ಡಿನಲ್ಲಿ ಸೊಸೆಯ, ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿದೆಯೇ ನೋಡಿ. ಬಿಪಿಎಲ್ ಇದ್ದರೆ ಆಯುಷ್ಮಾನ್ ಕಾರ್ಡನ್ನು ಆರೋಗ್ಯವಾಗಿರುವಾಗಲೇ ಮಾಡಿಸಿಟ್ಟುಕೊಳ್ಳಿ, ತುರ್ತಲ್ಲದ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಮರೆಯಬೇಡಿ. ಊರು ಬಿಟ್ಟು ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇದ್ದರೆ ಅಪ್ಪ ಅವ್ವನಿಗೆ ಒಂದು ಫೋನ್ ಮಾಡಿ, ಈ ಸಲದ ಯಶಸ್ವಿನಿ ಕಂತು ಕಟ್ಟಿದಿರಾ ಎಂದು ಕೇಳಿ. ಕಟ್ಟಿಲ್ಲವಾದರೆ ಆ ಕಂತಿನ ದುಡ್ಡು ನೀವೇ ಕಳಿಸಿ.